ಹಿಡಿತ ಎಲ್ಲಿಂದ ಬರುತ್ತದೆ: ಡೆಟ್ರಾಯ್ಟ್ ಕಾರುಗಳ ಮೈಕಟ್ಟು ಮತ್ತು ಕಂಪ್ಯೂಟರು

ಕಾರು ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮೊದಲು ತೀರ್ಮಾನವಾಗುವುದು ಅದರ ಮೈಕಟ್ಟಿನಲ್ಲಿ. ತೂಕ ಎಷ್ಟು ಎತ್ತರದಲ್ಲಿದೆ, ಎಡಬಲ ಗಾಲಿಗಳ ನಡುವೆ ಎಷ್ಟು ಅಗಲವಿದೆ, ಸ್ಪ್ರಿಂಗ್ ಎಷ್ಟು ಗಡಸು, ಆಕ್ಸಲ್ ಯಾವ ಬಗೆಯದು, ಟೈರು ಎಂಥದ್ದು ಎಂಬುದೆಲ್ಲ ಸೇರಿ ಕಾರಿಗೊಂದು ಸ್ವಭಾವ ಬರುತ್ತದೆ. ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್, ಇಎಸ್‌ಸಿ ಎಂಬ ಸ್ಟೆಬಿಲಿಟಿ ಕಂಟ್ರೋಲ್, ತಾನಾಗಿ ಬೀಳುವ ಬ್ರೇಕು ಇವೆಲ್ಲ ಆ ಸ್ವಭಾವದ ಮೇಲೆ ಕೂತು ಕೆಲಸ ಮಾಡುವ ಎಲೆಕ್ಟ್ರಾನಿಕ್ ನೆರವುಗಳು. ಶೋರೂಮಿನಲ್ಲಿ ಬೆರಳು ಮಡಚಿ ಎಣಿಸಿ ತೋರಿಸುವುದು ಈ ನೆರವುಗಳನ್ನು. ಮೈಕಟ್ಟಿನ ವಿಷಯ ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಇವೆರಡರಲ್ಲಿ ಯಾವುದು ಮುಖ್ಯ ಎಂಬ ವಾದ ಹಳೆಯದು. ವಾದಕ್ಕೆ ಬೇಕಾದ ಸಾಕ್ಷ್ಯ ಮಾತ್ರ ಒಂದೇ ಸೀಮೆಯಲ್ಲಿ ದಟ್ಟವಾಗಿ ಸಿಗುತ್ತದೆ: ಡೆಟ್ರಾಯ್ಟ್, ಅದರ ಸುತ್ತಲಿನ ಡಿಯರ್‌ಬಾರ್ನ್, ಮಿಲ್‌ಫರ್ಡ್, ಆ್ಯನ್ ಆರ್ಬರ್, ಅಲ್ಲಿಂದ ಪಶ್ಚಿಮಕ್ಕೆ ಶಿಕಾಗೊ. ಡೆಟ್ರಾಯ್ಟಿನ ಪಂಪ ಕನ್ನಡ ಕೂಟಕ್ಕೂ ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟಕ್ಕೂ ಸೇರಿದ ಅನೇಕ ಮನೆಗಳವರು ಈ ರಸ್ತೆಗಳಲ್ಲೇ ದಿನಾ ಓಡಾಡುತ್ತಾರೆ. ಮೈಕಟ್ಟಿನ ಕೊರತೆಯನ್ನು ಬೇರೆ ಯಾವುದರಿಂದಲೋ ತುಂಬಿಸಲು ಹೋದಾಗ ಏನಾಯಿತು, ನಿಜವಾದ ನೆರವು ಕೊಟ್ಟ ಎಲೆಕ್ಟ್ರಾನಿಕ್ಸ್ ಎಷ್ಟು ಜೀವ ಉಳಿಸಿತು ಎಂಬ ಎರಡು ಚರಿತ್ರೆಗಳೂ ಇಲ್ಲಿಯವೇ.

ನಾಲ್ಕು ಅಂಗೈಯಷ್ಟು ರಬ್ಬರು

ಕಾರು ರಸ್ತೆಗೆ ತಾಗುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈ ಅಗಲದಷ್ಟು ಜಾಗದಲ್ಲಿ. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು ಮೂರೂ ಅಷ್ಟೇ ರಬ್ಬರಿನ ಘರ್ಷಣೆಯಿಂದ ಆಗಬೇಕು. ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ 0.8ರ ಆಸುಪಾಸು, ತುಳಿದು ಗಟ್ಟಿಯಾದ ಹಿಮದ ಮೇಲೆ 0.25ರಷ್ಟು, ಬರಿಯ ಮಂಜುಗಡ್ಡೆಯ ಮೇಲೆ 0.1. ಲೆಕ್ಕ ಹಾಕಿದರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕು ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 50 ಮೀಟರಿಗೆ ನಿಲ್ಲುತ್ತದೆ. ಹಿಮದಲ್ಲಿ ಅದಕ್ಕೆ 150 ಮೀಟರಿಗೂ ಹೆಚ್ಚು ಬೇಕು. ಮಂಜುಗಡ್ಡೆಯಾದರೆ 400 ಮೀಟರಿನ ಹತ್ತಿರ ಹೋಗುತ್ತದೆ. ಈ ಲೆಕ್ಕದಲ್ಲಿ ಎಷ್ಟೇ ದುಬಾರಿ ಕಂಪ್ಯೂಟರಿಗೂ ಸ್ಥಾನವಿಲ್ಲ. ಇರುವ ಘರ್ಷಣೆಯನ್ನು ಪೋಲಾಗದಂತೆ ಹಂಚುವುದಷ್ಟೇ ಅದರ ಕೈಲಿರುವುದು.

ಎತ್ತರದ ಮಾತೂ ಅಷ್ಟೇ ಮುಖ್ಯ. ಹುಲ್ಲು ಎತ್ತರಕ್ಕೆ ಹೇರಿದ ಗಾಡಿ ತಿರುವಿನಲ್ಲಿ ಮಗುಚುವುದು ಏಕೆಂದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದನ್ನೇ ಒಂದು ಅಂಕಿಯಾಗಿ ಅಳೆಯುತ್ತದೆ: ಗಾಲಿಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ. ಸಾಧಾರಣ ಕಾರುಗಳಲ್ಲಿ ಇದು 1.30ರಿಂದ 1.50, ಎಸ್‌ಯುವಿ, ಪಿಕಪ್, ವ್ಯಾನುಗಳಲ್ಲಿ 1.00ರಿಂದ 1.30. ಸಂಖ್ಯೆ ಇಳಿದಷ್ಟೂ ಮಗುಚುವುದು ಸುಲಭ.

ಕ್ಯಾಡಿಲಾಕ್‌ಗೆ ಬಂದ ಮಾರಿಸ್ ಓಲಿ

ಡೆಟ್ರಾಯ್ಟಿನಲ್ಲಿ ಕಾರಿನ ನಡವಳಿಕೆಯನ್ನು ಅಂದಾಜಿನಿಂದ ಅಳತೆಗೆ ತಂದವರಲ್ಲಿ ಮೊದಲ ಹೆಸರು ಮಾರಿಸ್ ಓಲಿ. ರೋಲ್ಸ್ ರಾಯ್ಸ್‌ನಲ್ಲಿದ್ದ ಈ ಇಂಗ್ಲಿಷ್ ಎಂಜಿನಿಯರು 1930ರಲ್ಲಿ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ಸೇರಿದರು. ತೂಕಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಬಹುದಾದ ಒಂದು ಪ್ರಯೋಗದ ಕಾರು ಕಟ್ಟಿಸಿ, ಎಲ್ಲಿ ಎಷ್ಟು ತೂಕವಿಟ್ಟರೆ, ಯಾವ ಸ್ಪ್ರಿಂಗ್ ಎಷ್ಟು ಮೆದುವಾದರೆ ಕೂತವರ ಮೈ ಹೇಗೆ ಕುಲುಕುತ್ತದೆ ಎಂದು ಪರೀಕ್ಷಿಸಿದರು. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆದುವಾಗಿರಬೇಕು ಎಂಬುದು ಅವರು ಕಂಡುಕೊಂಡ ಸಂಗತಿ. ಮುಂದಿನ ಗಾಲಿ ಮೊದಲು ಉಬ್ಬು ಹತ್ತುತ್ತದೆ, ಹಿಂದಿನದು ತುಸು ತಡವಾಗಿ ಹತ್ತುತ್ತದೆ. ಹಿಂಭಾಗ ಸ್ವಲ್ಪ ಚುರುಕಾಗಿ ಕುಲುಕಿದರೆ ಮುಂಭಾಗದೊಡನೆ ಬೇಗ ತಾಳ ಹೊಂದಿಸಿಕೊಳ್ಳುತ್ತದೆ, ಕಾರು ಮುಂದಕ್ಕೂ ಹಿಂದಕ್ಕೂ ತೂಗಾಡುವುದಿಲ್ಲ. ಇಂದಿನ ಕಾರುಗಳಲ್ಲೂ ಈ ಸೂತ್ರ ಬಿಟ್ಟುಹೋಗಿಲ್ಲ.

ಮೆದು ಸ್ಪ್ರಿಂಗ್ ಹಾಕಿದಾಗ ಹಳೆಯ ಉದ್ದ ಆಕ್ಸಲ್ ಅಲುಗಾಡಿ ಸ್ಟಿಯರಿಂಗನ್ನೇ ನಡುಗಿಸುತ್ತಿತ್ತು. ಅದಕ್ಕೆ ಪರಿಹಾರವಾಗಿ 1934ರ ಜನರಲ್ ಮೋಟರ್ಸ್ ಕಾರುಗಳಲ್ಲಿ ಮುಂದಿನ ಎರಡು ಗಾಲಿಗಳಿಗೂ ಬೇರೆಬೇರೆ ಸಸ್ಪೆನ್ಷನ್ ಬಂತು. ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಎಂಬ ಪದಗಳು ರೂಢಿಗೆ ಬಂದದ್ದೂ ಓಲಿಯ ಕೆಲಸದಿಂದಲೇ. ತಿರುವಿನಲ್ಲಿ ಮುಂದಿನ ಟೈರುಗಳು ಮೊದಲು ಸೋತು ಕಾರು ಅಗಲಕ್ಕೆ ಹೋದರೆ ಅಂಡರ್‌ಸ್ಟಿಯರ್. ಹಿಂದಿನವು ಮೊದಲು ಸೋತು ಬಾಲ ಹೊರಕ್ಕೆ ಬೀಸಿದರೆ ಓವರ್‌ಸ್ಟಿಯರ್. ಮೊದಲನೆಯದರಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಮಾನ್ಯ ಚಾಲಕನೂ ಸುಧಾರಿಸಿಕೊಳ್ಳಬಹುದು, ಎರಡನೆಯದರಲ್ಲಿ ಕಾಲು ತೆಗೆಯುವುದೇ ಅಪಾಯ.

ಮಿಲ್‌ಫರ್ಡ್‌ನಲ್ಲಿ 1924ರಲ್ಲಿ ತೆರೆದ ಜನರಲ್ ಮೋಟರ್ಸ್ ಪರೀಕ್ಷಾ ಮೈದಾನ ಈ ಬಗೆಯ ಕೆಲಸದ ತವರು. ಅಲ್ಲಿನ ‘ಬ್ಲ್ಯಾಕ್ ಲೇಕ್’ ಎಂಬುದು 67 ಎಕರೆ ಡಾಂಬರಿನ ಬಯಲು. ಹೊಡೆದುಕೊಳ್ಳಲು ಮರವಿಲ್ಲ, ಗೋಡೆಯಿಲ್ಲ. ಕಾರನ್ನು ಬೇಕೆಂದೇ ಜಾರಿಸಿ ಅಳೆಯಲು ಕಟ್ಟಿದ ಜಾಗ ಅದು.

ಕಾರ್ವೇರ್: ಗಾಳಿಯಿಂದ ಹಾಕಿದ ತೇಪೆ

1960ರ ಮಾದರಿಯಾಗಿ ಬಂದ ಷೆವ್ರೊಲೆ ಕಾರ್ವೇರ್ ಅಮೆರಿಕದ ಮಟ್ಟಿಗೆ ದಿಟ್ಟ ಕಾರು. ಎಂಜಿನ್ ಹಿಂದೆ, ಅದನ್ನು ತಂಪಾಗಿಡಲು ಬರೀ ಗಾಳಿ. ಡೆಟ್ರಾಯ್ಟಿಗೆ ಪಶ್ಚಿಮದ ವಿಲ್ಲೋ ರನ್‌ನಲ್ಲಿ ಅದು ತಯಾರಾಗುತ್ತಿತ್ತು. ಹಿಂದಿನ ಗಾಲಿಗಳಿಗೆ ಇದ್ದದ್ದು ಸ್ವಿಂಗ್ ಆಕ್ಸಲ್. ಇದು ಗೇರ್‌ಬಾಕ್ಸಿನ ಬಳಿ ಮಾತ್ರ ಮಡಚುತ್ತದೆ, ಗಾಲಿಯ ಬಳಿ ಮಡಚುವುದಿಲ್ಲ. ಹಾಗಾಗಿ ಗಾಲಿ ಮೇಲೆ ಕೆಳಗೆ ಆಡಿದಾಗಲೆಲ್ಲ ಅದರ ಓರೆಯೂ ಬದಲಾಗುತ್ತದೆ. ಬಿರುಸಿನ ತಿರುವಿನಲ್ಲಿ ಹೊರಬದಿಯ ಹಿಂದಿನ ಟೈರಿನ ಮೇಲೆ ಬಿದ್ದ ಒತ್ತಡ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಎತ್ತಿದಷ್ಟೂ ಗಾಲಿಯ ಬುಡ ಕಾರಿನ ಅಡಿಗೆ ಮಡಚಿಕೊಳ್ಳುತ್ತದೆ, ಕೊನೆಗೆ ಟೈರು ಅಂಚಿನ ಮೇಲೆ ನಿಲ್ಲುತ್ತದೆ. ಆ ಕ್ಷಣದಲ್ಲಿ ಹಿಂಬದಿಯ ಹಿಡಿತ ತಪ್ಪಿ ಕಾರು ಸುತ್ತಿಬಿಡುತ್ತದೆ.

ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್ ಎಂಬ ಸರಳನ್ನು ಮುಂಭಾಗಕ್ಕೆ ಹಾಕಿದ್ದರೆ ಈ ಚಾಳಿ ಬಹಳಷ್ಟು ತಗ್ಗುತ್ತಿತ್ತು. ಆರಂಭದ ಕಾರುಗಳಲ್ಲಿ ಅದನ್ನು ಹಾಕಲಿಲ್ಲ. ಬದಲಿಗೆ ಟೈರಿನ ಗಾಳಿಯಲ್ಲಿ ಪರಿಹಾರ ಹುಡುಕಿದರು: ಮುಂದೆ 15 ಪಿಎಸ್‌ಐ, ಹಿಂದೆ 26. ಮುಂದಿನ ಟೈರು ಮೆದುವಾಗಿದ್ದರೆ ತಿರುವಿನಲ್ಲಿ ಅದೇ ಮೊದಲು ಸೋಲುತ್ತದೆ, ಬಾಲ ಬೀಸುವುದು ತಪ್ಪುತ್ತದೆ ಎಂಬ ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿಯೇ. ಆದರೆ ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ತುಂಬುವ ರೂಢಿ ಪೆಟ್ರೋಲ್ ಬಂಕುಗಳಲ್ಲಿತ್ತು, ಕೊಂಡವರಿಗೂ ಈ ಅಂಕಿಯ ಮಹತ್ವ ಗೊತ್ತಿರಲಿಲ್ಲ. ಕುಟುಂಬದ ಜೀವ ಒಂದು ಗಾಳಿಯ ಅಂಕಿಗೆ ಜೋತುಬಿದ್ದಿತ್ತು.

1965ರ ನವೆಂಬರಿನಲ್ಲಿ ಬಂದ ವಕೀಲ ರಾಲ್ಫ್ ನೇಡರ್ ಅವರ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯ ಕಾರ್ವೇರ್‌ನ ಅಪಾಯ ಕುರಿತದ್ದು. ಅಷ್ಟರಲ್ಲಿ ಕಂಪನಿ 1964ರ ಮಾದರಿಗೆ ಆ್ಯಂಟಿ ರೋಲ್ ಬಾರನ್ನೂ ಹಿಂದೆ ಅಡ್ಡ ಪಟ್ಟಿಯ ಸ್ಪ್ರಿಂಗನ್ನೂ ಕೊಟ್ಟಿತ್ತು, 1965ರ ಮಾದರಿಗೆ ಹಿಂದಿನ ಸಸ್ಪೆನ್ಷನ್ನನ್ನೇ ಹೊಸದಾಗಿ ಮಾಡಿತ್ತು. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ವಾಹನ ಸುರಕ್ಷತಾ ಕಾನೂನು ಬಂತು. 1972ರಲ್ಲಿ ಎನ್‌ಎಚ್‌ಟಿಎಸ್‌ಎ ಹಳೆಯ ಕಾರ್ವೇರನ್ನು ಪರೀಕ್ಷಿಸಿ, ಆ ಕಾಲದ ಬೇರೆ ಕಾರುಗಳಿಗಿಂತ ಇದು ಹೆಚ್ಚು ಮಗುಚುವಂಥದ್ದೇನಲ್ಲ ಎಂದಿತು. ನೇಡರ್ ಅವರನ್ನು ಹಳಿಯುವವರು ಈಗಲೂ ಈ ವರದಿಯನ್ನು ಎತ್ತಿ ಹಿಡಿಯುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ಆ ಕಾಲದ ಉಳಿದ ಕಾರುಗಳೂ ಎಂಥ ಸ್ಥಿತಿಯಲ್ಲಿದ್ದವು ಎಂಬುದು. ಸಸ್ಪೆನ್ಷನ್ ಸರಿಮಾಡುವುದು ಸಾಧ್ಯವಿತ್ತು ಎಂಬುದಕ್ಕೆ 1965ರ ಕಾರ್ವೇರೇ ಸಾಕ್ಷಿ.

ಕಂಪ್ಯೂಟರು ಬ್ರೇಕಿಗೆ ಬಂದದ್ದು

ಗಾಲಿ ಪೂರ್ತಿ ಕಚ್ಚಿಕೊಂಡು ನಿಂತರೆ ಟೈರು ಜಾರುತ್ತದೆ, ಜಾರುವ ಟೈರಿಗೆ ತಿರುಗಿಸುವ ಶಕ್ತಿ ಇರುವುದಿಲ್ಲ. ಇದನ್ನು ತಪ್ಪಿಸಲು ಫೋರ್ಡ್ 1969ರಲ್ಲಿ ತನ್ನ ಐಷಾರಾಮಿ ಕಾರುಗಳಿಗೆ ಹಿಂದಿನ ಗಾಲಿಗಳ ಮಟ್ಟಿಗೆ ‘ಶ್ಯೂರ್ ಟ್ರ್ಯಾಕ್’ ಎಂಬ ಎಬಿಎಸ್ ಕೊಟ್ಟಿತು. 1971ರಲ್ಲಿ ಕ್ರೈಸ್ಲರ್ ಬೆಂಡಿಕ್ಸ್ ಕಂಪನಿಯೊಡನೆ ಸೇರಿ ಇಂಪೀರಿಯಲ್ ಕಾರಿಗೆ ನಾಲ್ಕೂ ಗಾಲಿಗಳ ಎಬಿಎಸ್ ತಂದಿತು. ಬೆಂಡಿಕ್ಸ್‌ನ ಬ್ರೇಕು ಕೆಲಸದ ನೆಲೆ ಡೆಟ್ರಾಯ್ಟಿಗೂ ಶಿಕಾಗೊಗೂ ನಡುವಿನ ಸೌತ್ ಬೆಂಡ್. ಅದೇ ವರ್ಷ ಬ್ಯೂಕ್ ಕಾರುಗಳಿಗೆ ‘ಮ್ಯಾಕ್ಸ್ ಟ್ರ್ಯಾಕ್’ ಎಂಬ ಟ್ರ್ಯಾಕ್ಷನ್ ಕಂಟ್ರೋಲ್ ಬಂತು. ಈ ಮೊದಲ ಪೀಳಿಗೆಯ ಸಾಧನಗಳು ದುಬಾರಿಯಾಗಿದ್ದವು, ಕೊಳ್ಳುವವರು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ನಿಂತುಹೋದವು. ಆಲೋಚನೆ ಸರಿಯಿತ್ತು, ಚಿಪ್ ಇನ್ನೂ ಅಗ್ಗವಾಗಿರಲಿಲ್ಲ.

ಇಎಸ್‌ಸಿ ಒಳಗೆ ನಡೆಯುವುದೇನು

ಸ್ಟೆಬಿಲಿಟಿ ಕಂಟ್ರೋಲ್ ಮೊದಲು ಮಾರಾಟಕ್ಕೆ ಬಂದದ್ದು 1995ರಲ್ಲಿ, ಬಾಷ್ ಜೊತೆ ಸೇರಿ ಮರ್ಸಿಡಿಸ್ ತಂದ ಕಾರಿನಲ್ಲಿ. ಡೆಟ್ರಾಯ್ಟಿನ ಉತ್ತರ 1997ರ ಕ್ಯಾಡಿಲಾಕ್ ಮಾದರಿಗಳ ‘ಸ್ಟೆಬಿಲಿಟ್ರ್ಯಾಕ್’. ಕೆಲಸ ಮಾಡುವ ಬಗೆ ಎಲ್ಲದರಲ್ಲೂ ಒಂದೇ. ಸ್ಟಿಯರಿಂಗ್ ಎಷ್ಟು ತಿರುಗಿದೆ ಎಂದು ಒಂದು ಸೆನ್ಸರ್ ನೋಡುತ್ತದೆ. ಪ್ರತಿ ಗಾಲಿಯ ವೇಗವನ್ನು ಒಂದೊಂದು ಸೆನ್ಸರ್ ಅಳೆಯುತ್ತದೆ. ಕಾರು ತನ್ನ ಸುತ್ತ ಎಷ್ಟು ಬೇಗ ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಎಳೆತವಿದೆ ಎಂದು ಇನ್ನೆರಡು ಹೇಳುತ್ತವೆ. ಈ ವೇಗಕ್ಕೆ, ಈ ಸ್ಟಿಯರಿಂಗಿಗೆ ಕಾರು ಎಷ್ಟು ತಿರುಗಬೇಕಿತ್ತು ಎಂದು ಕಂಪ್ಯೂಟರು ಕ್ಷಣಕ್ಷಣವೂ ಲೆಕ್ಕ ಹಾಕಿ, ನಿಜವಾಗಿ ತಿರುಗುತ್ತಿರುವುದರ ಜೊತೆ ಹೋಲಿಸುತ್ತದೆ. ಬಾಲ ಬೀಸುತ್ತಿದ್ದರೆ ಹೊರಬದಿಯ ಮುಂದಿನ ಗಾಲಿಗೆ ಬ್ರೇಕು. ಮೂತಿ ಅಗಲಕ್ಕೆ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಗಾಲಿಗೆ ಬ್ರೇಕು. ಒಂದೇ ಗಾಲಿಗೆ ಬೇರೆಯಾಗಿ ಬ್ರೇಕು ಹಾಕುವುದು ಎಂಥ ನುರಿತ ಚಾಲಕನ ಕಾಲಿಗೂ ಆಗದ ಕೆಲಸ.

“ಎಷ್ಟು ತಿರುಗಬೇಕಿತ್ತು” ಎಂಬ ಲೆಕ್ಕ ಎಲ್ಲಿಂದ ಬರುತ್ತದೆ? ಆ ಕಾರಿನ ವೀಲ್‌ಬೇಸ್, ಸ್ಟಿಯರಿಂಗ್ ಅನುಪಾತ, ಅಂಡರ್‌ಸ್ಟಿಯರ್ ಪ್ರಮಾಣಗಳಿಂದ. ಅಂದರೆ ಕಂಪ್ಯೂಟರಿನೊಳಗೆ ಕೂತಿರುವುದು ಆ ಕಾರಿನ ಮೈಕಟ್ಟಿನದೇ ಒಂದು ಚಿತ್ರ. ಒಳ್ಳೆಯ ಸ್ವಭಾವದ ಕಾರಿನಲ್ಲಿ ಚಾಲಕ ಮಾಡಿದ್ದಕ್ಕೂ ಕಾರು ನಡೆದುಕೊಂಡದ್ದಕ್ಕೂ ಅಂತರ ಕಡಿಮೆ, ಇಎಸ್‌ಸಿ ಅಪರೂಪಕ್ಕೆ, ಮೆತ್ತಗೆ ಕೈ ಹಾಕುತ್ತದೆ. ಸ್ವಭಾವ ಕೆಟ್ಟದ್ದಾದರೆ ಪದೇಪದೇ, ಜೋರಾಗಿ ಕೈ ಹಾಕಬೇಕಾಗುತ್ತದೆ. ಸವೆದ ಬುಷ್, ಸೋರುವ ಶಾಕ್ ಅಬ್ಸಾರ್ಬರ್, ಹಿಂದೆ ಬೋಳು ಟೈರು ಇದ್ದರೆ ಕಂಪ್ಯೂಟರು ನಂಬಿರುವ ಕಾರೇ ಬೇರೆ, ರಸ್ತೆಯಲ್ಲಿರುವ ಕಾರೇ ಬೇರೆ.

ಇಷ್ಟಾಗಿಯೂ ಇಎಸ್‌ಸಿ ಉಪಕಾರವನ್ನು ಕಡಿಮೆ ಮಾಡಿ ಹೇಳುವಂತಿಲ್ಲ. ಒಂಟಿ ವಾಹನದ ಅಪಘಾತಗಳು ಇದರಿಂದ ಕಾರುಗಳಲ್ಲಿ ಶೇ. 34ರಷ್ಟು, ಎಸ್‌ಯುವಿಗಳಲ್ಲಿ ಶೇ. 59ರಷ್ಟು ತಗ್ಗುತ್ತವೆ ಎಂದು ಎನ್‌ಎಚ್‌ಟಿಎಸ್‌ಎ ಅಂದಾಜು ಮಾಡಿತು. ಎಲ್ಲ ಕಾರುಗಳಲ್ಲೂ ಬಂದರೆ ವರ್ಷಕ್ಕೆ 5,300ರಿಂದ 9,600 ಜೀವ ಉಳಿಯುತ್ತವೆ ಎಂಬ ಲೆಕ್ಕದ ಮೇಲೆ 2007ರಲ್ಲಿ ನಿಯಮ ಹೊರಡಿಸಿ, 2012ರ ಮಾದರಿಗಳಿಂದ ಕಡ್ಡಾಯ ಮಾಡಿತು. ಎತ್ತರದ ವಾಹನಗಳಿಗೇ ಲಾಭ ಹೆಚ್ಚಾದದ್ದನ್ನು ಗಮನಿಸಬೇಕು. ಮೈಕಟ್ಟು ಎಲ್ಲಿ ದುರ್ಬಲವೋ ಅಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಕೆಲಸ ಜಾಸ್ತಿ.

ಆ ನಿಯಮದ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸ್ಟಿಯರಿಂಗನ್ನು ಒಂದು ಯಂತ್ರ ಒಂದು ಕಡೆ ತಿರುಗಿಸಿ, ಕೂಡಲೇ ಇನ್ನೊಂದು ಕಡೆಗೆ ಎಳೆದು, ಅಲ್ಲಿ ಅರ್ಧ ಸೆಕೆಂಡು ಹಿಡಿದು ನೇರಕ್ಕೆ ತರುತ್ತದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಜಾಸ್ತಿ. ಸ್ಟಿಯರಿಂಗ್ ನೇರವಾದ ಒಂದು ಸೆಕೆಂಡಿನಲ್ಲಿ ಕಾರಿನ ಸುತ್ತುವಿಕೆ ಅದರ ಗರಿಷ್ಠದ ಶೇ. 35ಕ್ಕೆ ಇಳಿದಿರಬೇಕು, 1.75 ಸೆಕೆಂಡಿನಲ್ಲಿ ಶೇ. 20ಕ್ಕೆ. ನಿಯಮ ಇಲ್ಲಿಗೇ ನಿಂತಿದ್ದರೆ ತಿರುಗುವುದೇ ಇಲ್ಲವೆನ್ನುವ ಮೊಂಡು ಕಾರೂ ಪಾಸಾಗುತ್ತಿತ್ತು. ಅದಕ್ಕೇ ಇನ್ನೊಂದು ಷರತ್ತು ಸೇರಿಸಿದ್ದಾರೆ: ಸ್ಟಿಯರಿಂಗ್ ಆಡಿಸಲು ತೊಡಗಿದ 1.07 ಸೆಕೆಂಡಿನೊಳಗೆ ಕಾರು ಕನಿಷ್ಠ 1.83 ಮೀಟರ್ ಪಕ್ಕಕ್ಕೆ ಸರಿದಿರಬೇಕು. ಎದುರಿಗೆ ಬಂದದ್ದನ್ನು ತಪ್ಪಿಸಿಕೊಳ್ಳುವ ಚುರುಕುತನ ಕಾರಿನ ಮೈಯಲ್ಲಿರಬೇಕು ಎಂದು ಎಲೆಕ್ಟ್ರಾನಿಕ್ಸ್ ಕಡ್ಡಾಯ ಮಾಡಿದ ಕಾನೂನೇ ಕೇಳುತ್ತದೆ.

ಎಕ್ಸ್‌ಪ್ಲೋರರ್ ಶಿಕಾಗೊಗೆ ಬಂದ ದಾರಿ

ಫೋರ್ಡ್ ಎಕ್ಸ್‌ಪ್ಲೋರರ್ 1990ರಲ್ಲಿ ಬಂದಾಗ ಅದು ರೇಂಜರ್ ಪಿಕಪ್ಪಿನ ಚಾಸಿಯ ಮೇಲೆ ಕೂರಿಸಿದ ಕುಟುಂಬದ ಗಾಡಿ. ಸರಕಿನ ಗಾಡಿಯ ತಳಹದಿ, ಎತ್ತರದ ದೇಹ, ಒಳಗೆ ಮಕ್ಕಳು ಮರಿ. ಅದರ ಟೈರಿಗೆ ಫೋರ್ಡ್ ಸೂಚಿಸಿದ ಗಾಳಿಯ ಒತ್ತಡವೂ 26 ಪಿಎಸ್‌ಐ. ಈ ಅಂಕಿಗೆ ಮೆತ್ತನೆಯ ಸವಾರಿ ಒಂದು ಕಾರಣವಾದರೆ, ತಿರುವಿನಲ್ಲಿ ಮಗುಚುವ ಭಯ ತಗ್ಗಿಸುವುದು ಇನ್ನೊಂದು ಕಾರಣ ಎಂಬ ವಾದ ಆಮೇಲೆ ದೊಡ್ಡದಾಯಿತು. ಕಡಿಮೆ ಗಾಳಿಯ ಟೈರು ಬಿಸಿಲಿನಲ್ಲಿ, ಭಾರ ಹೊತ್ತು, ವೇಗವಾಗಿ ಓಡಿದಾಗ ಹೆಚ್ಚು ಕಾಯುತ್ತದೆ. ಎಕ್ಸ್‌ಪ್ಲೋರರ್‌ಗೆ ಹಾಕಿದ್ದ ಫೈರ್‌ಸ್ಟೋನ್ ಕಂಪನಿಯ ಟೈರುಗಳ ಮೇಲ್ಪದರ ಕಿತ್ತುಬರತೊಡಗಿತು, ಇಲಿನಾಯ್ ರಾಜ್ಯದ ಡಿಕೇಟರ್ ಕಾರ್ಖಾನೆಯ ಟೈರುಗಳ ಮೇಲೆ ದೂರು ಹೆಚ್ಚು. 2000ದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ವಾಪಸು ಕರೆಸಲಾಯಿತು. ಈ ಟೈರುಗಳಿಗೆ ಸಂಬಂಧಿಸಿ ಅಮೆರಿಕದಲ್ಲಿ ವರದಿಯಾದ ಸಾವು 270ನ್ನು ದಾಟಿತು.

ಟೈರು ಕಂಪನಿ ಗಾಡಿಯನ್ನು ದೂರಿತು, ಗಾಡಿ ಕಂಪನಿ ಟೈರನ್ನು ದೂರಿತು. ಸುಮಾರು ನೂರು ವರ್ಷದ ವ್ಯವಹಾರ 2001ರಲ್ಲಿ ಮುರಿಯಿತು. ಎಕ್ಸ್‌ಪ್ಲೋರರ್‌ನ ನಡವಳಿಕೆಯ ಬಗ್ಗೆ ತನಿಖೆ ಬೇಕೆಂಬ ಫೈರ್‌ಸ್ಟೋನ್ ಬೇಡಿಕೆಯನ್ನು ಎನ್‌ಎಚ್‌ಟಿಎಸ್‌ಎ 2002ರಲ್ಲಿ ತಳ್ಳಿಹಾಕಿತು. ಕಾನೂನಿನ ತೀರ್ಮಾನ ಅದು. ವಿನ್ಯಾಸದ ಪಾಠವನ್ನು ಫೋರ್ಡ್ ತಾನೇ ಕಲಿತದ್ದು ಮುಂದಿನ ಮಾದರಿಗಳಲ್ಲಿ ಕಾಣುತ್ತದೆ. 2002ರ ಎಕ್ಸ್‌ಪ್ಲೋರರ್‌ನಲ್ಲಿ ಗಾಲಿಗಳ ಅಂತರ ಎರಡೂವರೆ ಇಂಚು ಅಗಲವಾಯಿತು, ಹಿಂದಿನ ಗಾಲಿಗಳಿಗೆ ಬೇರೆಬೇರೆ ಸಸ್ಪೆನ್ಷನ್ ಬಂತು. ಆಮೇಲೆ ಎಲೆಕ್ಟ್ರಾನಿಕ್ಸ್: ಕಾರು ಪಕ್ಕಕ್ಕೆ ವಾಲುವುದನ್ನೇ ಗೈರೋ ಸೆನ್ಸರಿನಿಂದ ಅಳೆದು ಬ್ರೇಕು ಹಾಕುವ ‘ರೋಲ್ ಸ್ಟೆಬಿಲಿಟಿ ಕಂಟ್ರೋಲ್’ ಮೊದಲು ಆಗ ಫೋರ್ಡ್ ಒಡೆತನದಲ್ಲಿದ್ದ ವೋಲ್ವೊದ ಎಕ್ಸ್‌ಸಿ 90ರಲ್ಲಿ, ನಂತರ ಎಕ್ಸ್‌ಪ್ಲೋರರ್‌ನಲ್ಲಿ.

2011ರ ಮಾದರಿಯಿಂದ ಎಕ್ಸ್‌ಪ್ಲೋರರ್ ಶಿಕಾಗೊದ ಟಾರೆನ್ಸ್ ಅವೆನ್ಯೂದಲ್ಲಿರುವ, 1924ರಿಂದ ನಡೆಯುತ್ತಿರುವ ಫೋರ್ಡ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಪಿಕಪ್ಪಿನ ಚಾಸಿ ಹೋಗಿ, ಕಾರಿನಂತೆ ದೇಹವೂ ತಳವೂ ಒಂದೇ ಆದ ರಚನೆ ಬಂತು. ತಿರುವಿಗೆ ವೇಗ ಜಾಸ್ತಿಯಾಯಿತೆಂದು ಕಂಡರೆ ಒಂದು ಸೆಕೆಂಡಿನಲ್ಲಿ ಗಂಟೆಗೆ 16 ಕಿ.ಮೀ.ವರೆಗೂ ವೇಗ ಇಳಿಸಬಲ್ಲ ‘ಕರ್ವ್ ಕಂಟ್ರೋಲ್’ ಕೂಡ ಅದರ ಜೊತೆಗೇ ಬಂತು. ಮೊದಲು ತಳಹದಿ ಸರಿಮಾಡಿ, ಮೇಲೆ ಕಾವಲು ಇಡುವ ಈ ಕ್ರಮವೇ ಸರಿಯಾದ ಕ್ರಮ. ಗಾಳಿಯ ಅಂಕಿಯನ್ನು ಕಾಯುವ ಕೆಲಸವೂ ಎಲೆಕ್ಟ್ರಾನಿಕ್ಸ್‌ಗೆ ಬಂತು: ಟೈರು ಹಗರಣದ ಬೆನ್ನಿಗೇ 2000ದಲ್ಲಿ ಮಾಡಿದ ಕಾನೂನಿನಿಂದಾಗಿ ಅಮೆರಿಕದ ಪ್ರತಿ ಹೊಸ ಕಾರಿನಲ್ಲೂ ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪವಿದೆ.

ಐ-94ರ ಹಿಮ

ಡೆಟ್ರಾಯ್ಟಿನಿಂದ ಶಿಕಾಗೊಗೆ ಐ-94 ಹೆದ್ದಾರಿಯಲ್ಲಿ ಸುಮಾರು 450 ಕಿ.ಮೀ. ಚಳಿಗಾಲದಲ್ಲಿ ಮಿಶಿಗನ್ ಸರೋವರದ ಮೇಲಿಂದ ಬೀಸುವ ಶೀತಗಾಳಿ ನೀರಿನ ತೇವ ಹೀರಿಕೊಂಡು ದಡ ದಾಟಿದ ಕೂಡಲೇ ಹಿಮ ಸುರಿಸುತ್ತದೆ. ಕೆಲವು ಮೈಲಿ ಬಿಸಿಲು, ಮುಂದಿನ ಕೆಲವು ಮೈಲಿ ಕಣ್ಣು ಕಾಣದಷ್ಟು ಹಿಮ. 2015ರ ಜನವರಿ 9ರಂದು ಕಲಮಝೂ ಬಳಿಯ ಗೇಲ್ಸ್‌ಬರ್ಗ್‌ನಲ್ಲಿ ಇದೇ ರಸ್ತೆಯ ಮೇಲೆ 193 ವಾಹನಗಳು ಒಂದರ ಮೇಲೊಂದು ಬಂದು ಗುದ್ದಿದವು, ಪಟಾಕಿ ತುಂಬಿದ ಲಾರಿಯೊಂದು ಹೊತ್ತಿ ಉರಿಯಿತು, ಒಬ್ಬರು ತೀರಿಕೊಂಡರು. ಅಷ್ಟು ಹೊತ್ತಿಗೆ ಎಬಿಎಸ್, ಇಎಸ್‌ಸಿ ಇಲ್ಲದ ಹೊಸ ಕಾರು ಅಮೆರಿಕದಲ್ಲಿ ಮಾರಾಟಕ್ಕೇ ಇರಲಿಲ್ಲ. ಹಿಮದಲ್ಲಿ ನಿಲ್ಲಲು ಬೇಕಾದ ದೂರ ಕಣ್ಣಿಗೆ ಕಾಣುವ ದೂರಕ್ಕಿಂತ ಹೆಚ್ಚಾದಾಗ ಯಾವ ಸೆನ್ಸರೂ ಉಳಿದ ಮೀಟರುಗಳನ್ನು ತಂದುಕೊಡಲಾರದು.

ಇಲ್ಲಿ ನಿಜವಾಗಿ ಬದಲಾವಣೆ ತರುವುದು ಟೈರು. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆಯ ರಬ್ಬರು ಗಡಸಾಗುತ್ತದೆ, ಚಳಿಗಾಲದ ಟೈರಿನ ರಬ್ಬರು ಮೆದುವಾಗಿಯೇ ಉಳಿಯುತ್ತದೆ. ನಾಲ್ಕು ಗಾಲಿಗೂ ಎಂಜಿನ್ ಶಕ್ತಿ ಕೊಡುವ ಆಲ್ ವೀಲ್ ಡ್ರೈವ್ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಈ ವ್ಯತ್ಯಾಸ ತಿಳಿಯದೆ ಹೊಸದಾಗಿ ಹೋದ ನಮ್ಮವರು ಮೊದಲ ಚಳಿಗಾಲದಲ್ಲಿ ಸಲೀಸಾಗಿ ಹೊರಟು, ಮೊದಲ ಸಿಗ್ನಲ್ಲಿನಲ್ಲಿ ದಿಗಿಲು ಬೀಳುತ್ತಾರೆ.

ಕೆಲವೊಮ್ಮೆ ಸರಿಮಾಡಬೇಕಾದದ್ದು ಕಾರಲ್ಲ, ರಸ್ತೆ. ಶಿಕಾಗೊದ ಲೇಕ್ ಶೋರ್ ಡ್ರೈವ್‌ನಲ್ಲಿ ನದಿಯ ಬಳಿ ಹೆಚ್ಚುಕಡಿಮೆ ಲಂಬಕೋನದ ಎರಡು ತಿರುವುಗಳಿದ್ದವು. ಅಪಘಾತಗಳಿಗೆ ಹೆಸರಾಗಿದ್ದ ಅವನ್ನು 1980ರ ದಶಕದಲ್ಲಿ ನೇರ ಮಾಡಿದರು.

ಭಾರದ ಹೊಸ ಪ್ರಶ್ನೆ

2017ರಲ್ಲಿ ಕ್ಯಾಡಿಲಾಕ್ ಸಿಟಿ6 ಕಾರಿನಲ್ಲಿ ಬಂದ ‘ಸೂಪರ್ ಕ್ರೂಸ್’ ಹೆದ್ದಾರಿಯಲ್ಲಿ ಕೈಬಿಟ್ಟು ಕೂರಲು ಬಿಡುತ್ತದೆ, ಚಾಲಕನ ಕಣ್ಣು ರಸ್ತೆಯ ಮೇಲಿದೆಯೇ ಎಂದು ಕ್ಯಾಮೆರಾದಿಂದ ನೋಡುತ್ತಲೂ ಇರುತ್ತದೆ. ಅದೇ ಕಾರಿನ ದೇಹದಲ್ಲಿ ಅಲ್ಯುಮಿನಿಯಂ ಧಾರಾಳವಾಗಿ ಬಳಸಿ ತೂಕ ಇಳಿಸಿದ್ದರು. ಅದು ತಯಾರಾದ ಡೆಟ್ರಾಯ್ಟ್-ಹ್ಯಾಮ್‌ಟ್ರ್ಯಾಮಿಕ್ ಕಾರ್ಖಾನೆಗೆ ಈಗ ‘ಫ್ಯಾಕ್ಟರಿ ಝೀರೋ’ ಎಂದು ಹೆಸರು. ಅಲ್ಲಿಂದಲೇ ಹೊರಬಂದ ವಿದ್ಯುತ್ ಹಮ್ಮರ್ ಪಿಕಪ್ಪಿನ ತೂಕ 4,100 ಕಿಲೋದಷ್ಟು. ಬ್ಯಾಟರಿ ನೆಲಮಟ್ಟದಲ್ಲಿರುವುದರಿಂದ ಗುರುತ್ವ ಕೇಂದ್ರ ಕೆಳಗಿದೆ, ಮಗುಚುವ ಭಯ ಕಡಿಮೆ. ಆದರೆ ಅಷ್ಟು ಭಾರವನ್ನು ತಿರುಗಿಸಿ ನಿಲ್ಲಿಸುವ ಹೊರೆ ಮತ್ತೆ ಅದೇ ನಾಲ್ಕು ಟೈರುಗಳ ಮೇಲೆ. ಎದುರಿನ ಸಣ್ಣ ಕಾರಿನವರಿಗೆ ಈ ಭಾರದಿಂದ ಆಗುವ ಅಪಾಯವನ್ನು ತಂತ್ರಾಂಶ ಇಳಿಸಲಾರದು. ಎಲೆಕ್ಟ್ರಾನಿಕ್ಸ್ ಇದೆಯೆಂಬ ಧೈರ್ಯದಲ್ಲಿ ಗಾಡಿಗಳು ಇನ್ನಷ್ಟು ಭಾರವಾಗಿ, ಎತ್ತರವಾಗಿ ಬೆಳೆಯುತ್ತಿರುವುದು ನನಗೆ ನಿಜವಾಗಿ ಚಿಂತೆಯ ವಿಷಯ.

ನಮ್ಮಲ್ಲಿ ಕೊಳ್ಳುವವರಿಗೆ

ಭಾರತದಲ್ಲಿ ಎಬಿಎಸ್ 2019ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ, 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ಅಥವಾ ಹೆಚ್ಚು ನಕ್ಷತ್ರ ಬೇಕಾದರೆ ಇಎಸ್‌ಸಿ ಇರಲೇಬೇಕು. ಇದು ಒಳ್ಳೆಯದೇ, ಇಎಸ್‌ಸಿ ಇಲ್ಲದ ಕಾರನ್ನು ಇಂದು ಯಾರೂ ಕೊಳ್ಳಬಾರದು. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಮಳೆಗಾಲದ ಸಂಜೆ ಇಳಿಯುವವರಿಗೆ ಅದು ಒಮ್ಮೆ ಕೆಲಸಕ್ಕೆ ಬಂದರೂ ಕೊಟ್ಟ ಹಣ ಸಾರ್ಥಕ. ಟೆಸ್ಟ್ ಡ್ರೈವ್‌ಗೆ ಹೋದಾಗ ಮಾತ್ರ ಪರದೆಯಿಂದ ಕಣ್ಣು ತೆಗೆದು, ಮನೆಯವರೆಲ್ಲ ಕೂತು, ಡಿಕ್ಕಿಯಲ್ಲಿ ಭಾರವಿಟ್ಟು ಓಡಿಸಿ ನೋಡಬೇಕು. ಹಂಪ್ ದಾಟಿದ ಮೇಲೆ ಕಾರು ಒಂದೇ ಕುಲುಕಿಗೆ ನಿಲ್ಲುತ್ತದೆಯೇ, ಇನ್ನೂ ತೂಗಾಡುತ್ತದೆಯೇ? ವೃತ್ತ ಸುತ್ತುವಾಗ ಎಷ್ಟು ವಾಲುತ್ತದೆ? ಸ್ಟಿಯರಿಂಗ್ ಬಿಟ್ಟರೆ ತಾನಾಗಿ ನೇರಕ್ಕೆ ಬರುತ್ತದೆಯೇ? ಮೇಲಿನ ಮಾದರಿಗೆ ಅಗಲದ ಟೈರು, ಕೆಳಗಿನದಕ್ಕೆ ಸಣ್ಣ ಟೈರು ಕೊಟ್ಟಿದ್ದಾರೆಯೇ ಎಂದೂ ಕೇಳಿ. ಕೊಂಡ ಮೇಲೆ ಬಾಗಿಲ ಕಂಬದ ಮೇಲೆ ಅಂಟಿಸಿರುವ ಗಾಳಿಯ ಅಂಕಿಯನ್ನು ಓದಿ, ತಿಂಗಳಿಗೊಮ್ಮೆ ಟೈರು ತಣ್ಣಗಿರುವಾಗ ಅಷ್ಟೇ ತುಂಬಿಸಿ. ಎರಡೇ ಹೊಸ ಟೈರು ಹಾಕಿಸುವುದಾದರೆ ಅವನ್ನು ಹಿಂದಕ್ಕೆ ಹಾಕಿಸಿ.